ಹಳೇ ದನಿಯೇ ಸಾಕು

ಮಾರ್ಚ್ 3, ಮಂಗಳವಾರ
ತಮ್ಮನ ವಾಯ್ಸ್ ನೋಟ್

...ಅದೂ ನನ್ನ ತಪ್ಪೇ ಅಂತೆ ಅಕ್ಕ. ಬೆಡ್‌ಶೀಟು ಇಸ್ತ್ರಿ ರೋಲರಿಗೆ ಸಿಕ್ಕಾಕೊಂಡಿದ್ದು ನಾನು ಕೆಲಸಕ್ಕೆ ಬರೋಕೆ ಮುಂಚೆ. ಸುಟ್ಟು ಕಂದು ಬಣ್ಣ ಆಗಿದ್ದೂ ನಾನು ಬರೋಕೆ ಮುಂಚೆ. ಆದ್ರೆ ಸೂಪರ್‌ವೈಸರ್ ಕೆಳಗೆ ಇಳಿದು ಬಂದಾಗ ಅದರ ಪಕ್ಕ ನಿಂತಿದ್ದವನು ನಾನು, ಮುಗೀತು ಕಥೆ. ಮಧ್ಯಾಹ್ನ ಟ್ರಾಲಿ ಚಕ್ರ ಕಿತ್ಕೊಂಡು ಬಂತು, ಅದಕ್ಕೂ ನಾನೇ. ಸಂಜೆ ಲಿಫ್ಟ್ ಕೆಟ್ಟಿತು, ಆಗಲೂ ಎಲ್ಲರೂ ನನ್ನ ಮುಖಾನೇ ನೋಡಿದ್ರು. ನನಗೇ ಅನುಮಾನ ಬಂತು, ಏನಾದ್ರೂ ಮುಟ್ಟಿದ್ನಾ ಅಂತ.

ಇಲ್ಲೀವರೆಗೆ ಹೇಳಿದ್ದನ್ನ ಅಪ್ಪನಿಗೆ ಹಾಕ್ಬೇಡ. ಅಪ್ಪನ ತಲೇಲಿ ನಾನಿನ್ನೂ ಈ ಪರದೇಶದ ಹೋಟೆಲ್ ರಿಸೆಪ್ಷನ್ನಲ್ಲಿ ಟೈ ಕಟ್ಕೊಂಡು, ಬಂದವರ ಹತ್ರ ನಗ್ತಾ ಮಾತಾಡ್ತಾ ನಿಂತಿದೀನಿ. ಹಾಗೇ ಇರ್ಲಿ. ನೆಲಮಾಳಿಗೆ ಲಾಂಡ್ರೀಲಿ ಕಿವಿಗೆ ಹತ್ತಿ ಇಟ್ಕೊಂಡು ನಾನೂರು ಬೆಡ್‌ಶೀಟ್ ಮಡಚ್ತೀನಿ ಅನ್ನೋದು ನಮ್ಮಿಬ್ಬರಲ್ಲೇ ಇರ್ಲಿ.

ಈಗ ಹೇಳೋದನ್ನ ಅವನಿಗೆ ಜೋರಾಗಿ ಹಾಕು. ಅಪ್ಪಾ! ಮೇಷ್ಟ್ರ ಹೊಸ ಆಲ್ಬಂ ಬರ್ತಿದೆ! ಶುಕ್ರವಾರ! ಹನ್ನೊಂದು ವರ್ಷ ಆದ್ಮೇಲೆ! ಹೆಸರು ಕೇಳು, 'ಬಾಗಿಲ ಹತ್ತಿರದ ಸೀಟು'. ನಿನಗೆ ಅಂತಾನೇ ಇಟ್ಟಂಗಿದೆ.

ರೂಮಲ್ಲಿ ನನ್ನ ಜೊತೆಗಿರೋ ಅಡುಗೆಯವನಿಗೆ ಹೇಳಿದ್ರೆ 'ಯಾವ ಮೇಷ್ಟ್ರು?' ಅಂತಾನೆ ಕಣೇ. ಕುಣ್ಕೊಂಡು ಹೇಳಿದೆ. ಸ್ಕೂಲಲ್ಲಿ ಭೂಗೋಳ ಹೇಳ್ಕೊಡ್ತಿದ್ದವರು, ಒಂದಿನ ರಾಜೀನಾಮೆ ಕೊಟ್ಟು ಗಿಟಾರ್ ಹಿಡ್ಕೊಂಡು ಹೊರಟವರು, ತಾವೇ ಬರೆದು ತಾವೇ ಹಾಡೋರು, ಒಂದು ಕಾಲದಲ್ಲಿ ಹಾಸ್ಟೆಲ್ ಹುಡುಗರೆಲ್ಲ ಅವರ ಥರಾನೇ ಗಡ್ಡ ಬಿಟ್ಟಿದ್ರು. ನಮ್ಮಪ್ಪ ಬಸ್ ಸ್ಟ್ಯಾಂಡಲ್ಲಿ ಅನೌನ್ಸರ್, ಮೂವತ್ತೊಂದು ವರ್ಷ ಮೈಕಿನ ಮುಂದೆ. ಆ ಅಭ್ಯಾಸಕ್ಕೆ ಮನೇಲೂ ಎಲ್ಲ ಎರಡೆರಡು ಸಲ ಹೇಳೋನು. 'ಸ್ನಾನಕ್ಕೆ ನೀರು ಕಾದಿದೆ, ಸ್ನಾನಕ್ಕೆ ನೀರು ಕಾದಿದೆ.' ಮೇಷ್ಟ್ರ ಕ್ಯಾಸೆಟ್ ಹಾಕಿದಾಗ ಮಾತ್ರ ಒಂದು ಸಲಾನೂ ಬಾಯಿ ಬಿಡ್ತಿರ್ಲಿಲ್ಲ ಅಂದೆ. ಅಡುಗೆಯವನು ನಕ್ಕು ನಕ್ಕು ಸುಸ್ತಾಗಿ ಮಲಗಿದಾನೆ. ನಾನು ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ.

ಇದು ನಿನಗೊಬ್ಬಳಿಗೇ ಮತ್ತೆ. ನವೆಂಬರಿಂದ ಅಪ್ಪ ನನ್ನ ಹತ್ರ ಒಂದು ಮಾತೂ ಆಡಿಲ್ಲ. ಫೋನ್ ಮಾಡಿದ್ರೆ ಯಾರೂ ಎತ್ತಲ್ಲ, ಆಮೇಲೆ ನೀನು ಟೈಪ್ ಮಾಡ್ತೀಯ. ಸ್ನಾನ ಮಾಡ್ತಿದಾನೆ, ಮಲಗಿದಾನೆ, ಪಕ್ಕದ ಮನೇಲಿದಾನೆ. ನಾಲ್ಕು ತಿಂಗಳಿಂದ ಪಕ್ಕದ ಮನೇಲೇ ಇದಾನಾ? ಅವನು ಯಾರ್‍ಯಾರನ್ನೋ ಹಿಡಿದು ಬಸ್ ಸ್ಟ್ಯಾಂಡಲ್ಲಿ ಕೊಡಿಸಿದ ಕೆಲಸ ಬಿಟ್ಟು ಬಂದೆ ಅಂತ ಇನ್ನೂ ಮುನಿಸಾ? ಬೈಯೋಕೆ ಹೇಳು. ಬೈಗುಳಾನೇ ಕಳಿಸೋಕೆ ಹೇಳು. ದನಿ ಕೇಳಿದ್ರೆ ಸಾಕು.


ಮಾರ್ಚ್ 6, ಶುಕ್ರವಾರ
ಅಕ್ಕ ಟೈಪ್ ಮಾಡಿದ್ದು

ಲೋ ಎಕ್ಸ್‌ಪ್ರೆಸ್, ಅಪ್ಪ ನಿನಗೆ ಸರಿಯಾದ ಅಡ್ಡಹೆಸರೇ ಇಟ್ಟಿದಾನೆ. ನಿನ್ನ ನೋಟು ಮೂರು ಸಲ ಹಾಕಿದೆ. 'ಅಪ್ಪಾ' ಅಂತ ನೀನು ಕೂಗಿದ್ದಕ್ಕೆ ಅಪ್ಪ ಬೆಚ್ಚಿ ಬಿದ್ದ, ಆಮೇಲೆ ನಕ್ಕ.

ಮುನಿಸು ಗಿನಿಸು ಏನಿಲ್ಲ. ಗಂಟಲು ಕಟ್ಟಿದೆ. ಈ ಸಲದ ಶೀತ ಬಿಡ್ತಾನೇ ಇಲ್ಲ. ಇನ್ನು ಎರಡು ಮೂರು ವಾರ ತಡ್ಕೋ, ಅವನೇ ಫೋನ್ ಮಾಡ್ತಾನೆ. ಮೊದಲ ಮಾತು ನಿನಗೇ ಅಂತ ಎತ್ತಿಟ್ಟಿದಾನೆ. ಕನ್ನಡಿ ಮುಂದೆ ಕೂತು ಅಭ್ಯಾಸ ಬೇರೆ ಮಾಡ್ತಿದಾನೆ, ನಿನಗೆ ಹೇಗೆ ಬೈಯೋದು ಅಂತ.

ನೀನು ಪ್ರತಿ ಸಲ ಕೇಳ್ತೀಯ, ಯಾಕೆ ಮಾತಾಡಲ್ಲ, ಟೈಪ್ ಮಾಡ್ತೀಯ ಅಂತ. ಕನ್ನಡಕದ ಅಂಗಡೀಲಿ ಕೆಲಸದ ಹೊತ್ತೆಲ್ಲ ಗಾಜು ಉಜ್ಜೋ ಸದ್ದು. ಮನೆಗೆ ಬಂದ್ರೆ ನನಗೂ ಮಾತು ಬೇಡ ಅನ್ಸುತ್ತೆ. ಬೇರೆ ಏನಿಲ್ಲ.

ಅಪ್ಪನ ದನಿ ನಾನು ದಿನಾ ಕೇಳ್ತೀನಿ ಬಸ್ ಸ್ಟ್ಯಾಂಡಲ್ಲಿ. ರಿಟೈರ್ ಆಗೋ ವರ್ಷ ಅವನ ಹತ್ರ ಊರುಗಳ ಹೆಸರು, ಪ್ಲಾಟ್‌ಫಾರಂ ನಂಬರು, ಬಸ್ಸಿನ ಬಗೆ, ಎಲ್ಲ ಓದಿಸಿ ರೆಕಾರ್ಡ್ ಮಾಡ್ಕೊಂಡ್ರಲ್ಲ, ಈಗ ಕಂಪ್ಯೂಟರ್ ಅದನ್ನ ತುಂಡು ತುಂಡಾಗಿ ಜೋಡಿಸಿ ಹೇಳುತ್ತೆ. 'ಪ್ಲಾಟ್‌ಫಾರಂ ನಂಬರ್... ಏಳರಿಂದ... ಎಕ್ಸ್‌ಪ್ರೆಸ್...' ಊರಿನ ಹೆಸರಲ್ಲಿ ಖುಷಿಯಾಗಿರ್ತಾನೆ, ನಂಬರಿಗೆ ಬಂದಾಗ ಹಸಿದಿರ್ತಾನೆ. ಬೇರೆ ಬೇರೆ ದಿನ ಓದಿಸಿದ್ದು ಅಂತ ಗೊತ್ತಾಗುತ್ತೆ.

ಇವತ್ತು ರಾತ್ರಿ ಮೇಷ್ಟ್ರನ್ನ ಇಬ್ಬರೂ ಕೂತು ಕೇಳ್ತೀವಿ. ನೀನು ಊಟ ಸರಿಯಾಗಿ ಮಾಡು.


ಮಾರ್ಚ್ 7, ಶನಿವಾರ
ತಮ್ಮನ ವಾಯ್ಸ್ ನೋಟ್

ಅಕ್ಕ, ಅಪ್ಪನ್ನ ಕರಿ. ಇದನ್ನ ಇಬ್ಬರೂ ಕೇಳ್ಬೇಕು. ಸ್ಪೀಕರ್ ಜೋರಾಗಿಡು.

ಕೇಳಿದೆ. ಒಂಬತ್ತೂ ಹಾಡು ಕೇಳಿದೆ. ಹೇಳ್ತೀನಿ ಕೇಳು, ನನ್ನ ಹೊಟ್ಟೆ ಉರೀತಿದೆ. ಯಾರೂ ಇರ್ಲಿಲ್ವಾ ಆ ಮುದುಕನ ಮನೇಲಿ? ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಒಬ್ಬರಾದ್ರೂ? ಮೈಕ್ ಕಸ್ಕೊಂಡು 'ಸಾಕು ಮೇಷ್ಟ್ರೇ, ಕಾಫಿ ಕುಡೀರಿ, ಒಳಗೆ ಹೋಗಿ ಮಲಗಿ' ಅನ್ನೋಕೆ ಒಬ್ಬರೂ ಇರ್ಲಿಲ್ವಾ?

ಎಂಥಾ ದನಿ ಅಪ್ಪ ಅದು! ಹಳೇ ಕ್ಯಾಸೆಟ್ಟಲ್ಲಿ ಅವರು ಮೇಲಕ್ಕೆ ಹೋದ್ರೆ ನಮ್ಮನ್ನೂ ಎತ್ಕೊಂಡು ಹೋಗೋರು. ಈಗ ಮೇಲಕ್ಕೆ ಹೋಗೋಕೆ ಹೊರಟು ಅರ್ಧ ಮೆಟ್ಟಿಲಲ್ಲಿ ಗೋಡೆ ಹಿಡ್ಕೊಂಡು ನಿಲ್ತಾರೆ. ಉಸಿರು ಬಿಡೋದು ಕೇಳುತ್ತೆ. ಕುರ್ಚಿ ಕಿರುಗುಟ್ಟೋದು ಕೇಳುತ್ತೆ. ಒಂದು ಸಾಲು, ಕೇಳಿ, 'ಎದ್ದು ನಿಂತೆ ಅಂತ ಇಳೀತೀನಿ ಅಂದ್ಕೋಬೇಡ, ಕಾಲು ಜೋಮು ಹಿಡಿದಿದೆ ಅಷ್ಟೇ.' ಇದು ಹಾಡಾ? ಇದನ್ನ ನಮ್ಮ ಸೂಪರ್‌ವೈಸರೂ ಹಾಡ್ತಾನೆ.

ಅಡುಗೆಯವನು ಕಣ್ಣು ಮುಚ್ಕೊಂಡು 'ಚೆನ್ನಾಗಿದೆ ಕಣೋ' ಅಂದ. ನಿನಗೇನು ಗೊತ್ತು ಮಗನೇ, ನೀನು ಹಳೇದು ಕೇಳಿಲ್ಲ, ಹಾಳಾಗಿರೋದನ್ನೇ ಮೊದಲ ಸಲ ನೋಡ್ತಿದೀಯ ಅಂದೆ.

ನಾನು ಹೇಳೋದು ಇಷ್ಟೇ. ದನಿ ಹೋದ್ಮೇಲೆ ಮನುಷ್ಯ ಮರ್ಯಾದೆಯಿಂದ ಬಾಯಿ ಮುಚ್ಕೊಂಡಿರ್ಬೇಕು. ಕೇಳೋರ ಮೇಲೆ ಸ್ವಲ್ಪ ಕರುಣೆ ಬೇಡ್ವಾ? ಕ್ಯಾಸೆಟ್ ಇದೆಯಲ್ಲ, ಹಳೇ ದನಿಯೇ ಸಾಕು ನಮಗೆ. ನಮ್ಮಪ್ಪನ್ನ ನೋಡಿ. ಟೈಮ್ ಆಯ್ತು ಅಂದ ತಕ್ಷಣ ಮೈಕ್ ಆಫ್ ಮಾಡಿದ, ಕುರ್ಚಿ ಒಳಗೆ ತಳ್ಳಿದ, ಎದ್ದು ಬಂದ. ಮರ್ಯಾದೆ ಅಂದ್ರೆ ಅದು! ಅಲ್ವಾ ಅಪ್ಪ? ಹೇಳು ಅಪ್ಪ, ನೀನೇ ತೀರ್ಪು ಕೊಡು. ಅಕ್ಕನ ಕೈಲಿ ಬರೆಸ್ಬೇಡ. ನೀನೇ ಹೇಳು.


ಮಾರ್ಚ್ 16, ಸೋಮವಾರ
ಅಕ್ಕ ಟೈಪ್ ಮಾಡಿದ್ದು

ತಡ ಆಯ್ತು. ಕೆಲಸ ಇತ್ತು.

ಅಪ್ಪ ನಿನ್ನ ನೋಟು ಕೇಳಿದ. ಏನೂ ಹೇಳಲಿಲ್ಲ.

ನಾನು ಹೇಳ್ತೀನಿ. ನನಗೆ ಆಲ್ಬಂ ಇಷ್ಟ ಆಯ್ತು. ಎಪ್ಪತ್ತಾರು ವರ್ಷದ ಮನುಷ್ಯ, ತನ್ನ ದನಿ ಹೇಗಾಗಿದೆ ಅಂತ ಅವನಿಗೆ ಗೊತ್ತಿಲ್ವಾ? ನಿನಗಿಂತ ಮೊದಲು ಅವನಿಗೇ ಗೊತ್ತು. ದಿನಾ ಬೆಳಿಗ್ಗೆ ಎದ್ದು ಅದನ್ನೇ ಕೇಳ್ಕೊಳ್ತಾನೆ. ಗೊತ್ತಿದ್ದೂ ಬಾಗಿಲು ಹಾಕ್ಕೊಂಡು, ಒಂದು ಸಾಲಿಗೆ ನೂರು ಸಲ ಪ್ರಯತ್ನ ಮಾಡಿ, ಆಮೇಲೆ ಜನರ ಮುಂದೆ ಬಾಯಿ ತೆರೀತಾನೆ. ಅಂಥವನಿಗೆ ಒಳಗೆ ಹೋಗಿ ಮಲಗು ಅಂತೀಯ. ನೀನೇನು ದೊಡ್ಡ ಮನುಷ್ಯನಾ? ಎರಡು ರೂಮಿನ ಮನೆ ಮೆಟ್ಟಿಲ ಮೇಲೆ ಕೂತು ತೀರ್ಪು ಕೊಡೋನು.

ಕೇಳೋರ ಮೇಲೆ ಕರುಣೆ ಅಂದೆಯಲ್ಲ, ಕೇಳೋರಿಗೆ ಕಿವಿ ಮುಚ್ಕೊಳ್ಳೋಕೆ ಕೈ ಇದೆ.

ಇನ್ಮೇಲೆ ಅಪ್ಪನಿಗೆ ಜೋರಾಗಿ ಹಾಕು ಅಂತ ನನಗೆ ಹೇಳ್ಬೇಡ. ಮೇಷ್ಟ್ರ ವಿಷಯಾನೇ ಬೇಡ. ಹವಾ ಹೇಗಿದೆ, ಏನು ತಿಂದೆ, ಅದನ್ನ ಹೇಳು.


ಮಾರ್ಚ್ 17, ಮಂಗಳವಾರ
ತಮ್ಮನ ವಾಯ್ಸ್ ನೋಟ್

ಅಯ್ಯೋ ಅಯ್ಯೋ ಅಯ್ಯೋ. ಇಷ್ಟೊಂದು ಕೋಪಾನಾ? ಚಿಕ್ಕವಳಿದ್ದಾಗ ನೀನೇ ಅಲ್ವಾ ಮೇಷ್ಟ್ರ ಹಾಡು ಬಂದ್ರೆ 'ಅಪ್ಪನ ಅಳು ಸಂಗೀತ ಶುರು' ಅಂತ ಎದ್ದು ಹೋಗ್ತಿದ್ದಿದ್ದು? ಈಗ ಮೇಷ್ಟ್ರಿಗೆ ವಕೀಲಿಕೆ ಬೇರೆ.

ಹವಾ ತಣ್ಣಗಿದೆ. ತಿಂದಿದ್ದು ಬ್ರೆಡ್ಡು. ಮುಗೀತಾ? ಈಗ ಮೇಷ್ಟ್ರ ವಿಷಯ.

ನಿನಗೆ ಗೊತ್ತಾ, ನಾನೀಗ ಫೇಮಸ್ಸು. ಮೇಷ್ಟ್ರ ಅಭಿಮಾನಿಗಳ ಗ್ರೂಪಿದೆಯಲ್ಲ, ಅಲ್ಲಿ ಎರಡು ಪಾರ್ಟಿ ಆಗಿದೆ. ಹಳೇ ದನಿ ಪಾರ್ಟಿ, ಹೊಸ ದನಿ ಪಾರ್ಟಿ. ಹೊಸ ದನಿಯವರು ಎರಡನೇ ದಿನಕ್ಕೇ ಅಳೋಕೆ ಶುರು ಮಾಡಿದ್ರು, ಎಂಥಾ ಸತ್ಯ ಎಂಥಾ ಸತ್ಯ ಅಂತ. ಒಬ್ಬ ರಿಟೈರ್ಡ್ ಪೋಸ್ಟ್‌ಮಾಸ್ಟರು, ಈ ಆಲ್ಬಂ ಕೇಳಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನಿಗೆ ಫೋನ್ ಮಾಡಿದ್ರಂತೆ. ಹಳೇ ದನಿಯವನೊಬ್ಬ ಕೇಳಿದ, 'ತಮ್ಮ ಏನಂದ?' ಪೋಸ್ಟ್‌ಮಾಸ್ಟರು ಬರೆದ್ರು, 'ಕಟ್ ಮಾಡಿದ.' ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ಗಲಾಟೇಲಿ ನಿಮಗೆ ಕಳಿಸಿದ್ನಲ್ಲ, ಅದೇ ನೋಟು ನಾನು ಅಲ್ಲಿ ಹಾಕಿದೆ. ಅಪ್ಪನ ವಿಷಯ ಕತ್ತರಿಸಿ, 'ಮೈಕ್ ಕಸ್ಕೊಳ್ಳೋರು ಯಾರೂ ಇರ್ಲಿಲ್ವಾ' ಇಂದ 'ಹಳೇ ದನಿಯೇ ಸಾಕು'ವರೆಗೆ. ಅಕ್ಕ, ನಾಲ್ಕು ಸಾವಿರ ಜನ ಕೇಳಿದಾರೆ! ಗೊತ್ತೇ ಇಲ್ಲದವರು ಮೆಸೇಜ್ ಮಾಡ್ತಾರೆ, ನಮ್ಮ ಮನಸ್ಸಲ್ಲಿದ್ದಿದ್ದು ಹೇಳಿದ್ರಿ ಅಂತ. 'ಹಳೇ ದನಿಯೇ ಸಾಕು' ಅಂತ ಬ್ಯಾನರ್ ಥರ ಮಾಡಿ ಹಾಕ್ಕೊಂಡಿದಾರೆ.

ನಗ್ಬೇಡ. ಇಲ್ಲಿ ಇಡೀ ದಿನ ಮೆಷಿನ್ ಸದ್ದಲ್ಲಿ ನನ್ನ ಮಾತು ನನಗೇ ಕೇಳಲ್ಲ. ಕೈಸನ್ನೆ ಮಾಡ್ತೀವಿ, ಮೂಗರ ಥರ. ಮನೆಗೆ ಬಂದ್ರೆ ಅಡುಗೆಯವನು ಕೆಲಸಕ್ಕೆ ಹೋಗಿರ್ತಾನೆ. ಹೀಗಿರುವಾಗ ನಾಲ್ಕು ಸಾವಿರ ಜನ ಅಂದ್ರೆ... ಅಪ್ಪನಿಗೆ ಹೀಗೇ ಅನಿಸ್ತಿತ್ತೇನೋ ಮೈಕ್ ಮುಂದೆ. ಹೇಳು ಅವನಿಗೆ, ನಿನ್ನ ಮಗನೂ ಅನೌನ್ಸರ್ ಆದ ಅಂತ.


ಮಾರ್ಚ್ 22, ಭಾನುವಾರ
ತಮ್ಮನ ವಾಯ್ಸ್ ನೋಟ್

ಅಕ್ಕ, ಐದು ದಿನ ಆಯ್ತು. ನೋಡಿದೀಯ ಅಂತ ಎರಡು ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.

ಎರಡು ಮೂರು ವಾರ ಅಂದಿದ್ದೆ. ಎರಡು ಆಯ್ತು. ಯಾವ ಶೀತ ಕಣೇ ಅದು ನಾಲ್ಕು ತಿಂಗಳು? ನಾನೇನು ಸಣ್ಣ ಮಗುನಾ? ಅಪ್ಪನಿಗೆ ನನ್ನ ಹತ್ರ ಮಾತಾಡೋಕೆ ಇಷ್ಟ ಇಲ್ಲ, ಅಷ್ಟೇ ತಾನೇ? ಸರಿ. ಬಲವಂತ ಮಾಡಲ್ಲ.

ಒಂದು ಕೆಲಸ ಮಾಡು. ನೀನು ದಿನಾ ಬಸ್ ಸ್ಟ್ಯಾಂಡಲ್ಲಿ ನಿಲ್ತೀಯಲ್ಲ, ಅಲ್ಲಿ ಅಪ್ಪನ ದನಿ ಬರುತ್ತಲ್ಲ, ಒಂದೈದು ನಿಮಿಷ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸು. ಅವನು ಮಾತಾಡದಿದ್ರೆ ಬೇಡ ಬಿಡು. ಅದನ್ನೇ ಹಾಕ್ಕೊಂಡು ಕೇಳ್ತೀನಿ. ನನಗೆ ಅದೇ ಸಾಕು.


ಮಾರ್ಚ್ 29, ಭಾನುವಾರ
ಅಕ್ಕ ಟೈಪ್ ಮಾಡಿದ್ದು

ಕೂತ್ಕೊಂಡು ಓದು. ಮೆಟ್ಟಿಲ ಮೇಲೆ ಬೇಡ, ಒಳಗೆ ಕೂತ್ಕೋ.

ಅಪ್ಪನಿಗೆ ಶೀತ ಅಲ್ಲ. ನವೆಂಬರಲ್ಲಿ ದನಿ ಒಡೆಯೋಕೆ ಶುರು ಆಯ್ತು, ತೋರಿಸಿದ್ವಿ, ಗಂಟಲಲ್ಲಿ ಗಂಟು. ಡಿಸೆಂಬರ್ ಎರಡನೇ ವಾರ ಆಪರೇಷನ್. ಧ್ವನಿಪೆಟ್ಟಿಗೆ ತೆಗೆದುಬಿಟ್ರು. ಈಗ ಕತ್ತಿನ ಕೆಳಗೆ ಒಂದು ತೂತಿದೆ, ಅದರಲ್ಲೇ ಉಸಿರಾಡೋದು. ದನಿ ಬರಲ್ಲ. ಪಿಸುಮಾತೂ ಬರಲ್ಲ.

ಅವನಿಗೆ ಎಚ್ಚರ ಆದ್ಮೇಲೆ ನೋಟ್‌ಬುಕ್ಕಲ್ಲಿ ಮೊದಲು ಬರೆದಿದ್ದು, 'ಅವನಿಗೆ ಹೇಳ್ಬೇಡ. ನಾನೇ ಹೇಳ್ತೀನಿ. ನಾನೇ ಹೇಳ್ತೀನಿ.' ಬರೆಯೋವಾಗಲೂ ಎರಡು ಸಲ. ಊರಿಗೆಲ್ಲ ಸುದ್ದಿ ಹೇಳಿದವನು, ತನ್ನ ಸುದ್ದಿ ಬೇರೆಯವರು ಹೇಳೋದು ಅವನಿಗೆ ಬೇಕಿರ್ಲಿಲ್ಲ. ಮಾತು ಕೊಟ್ಟೆ. ಅದಕ್ಕೇ ನಾನು ಮಾತಾಡದೆ ಟೈಪ್ ಮಾಡಿದ್ದು. ಮಾತಾಡಿದ್ರೆ ಅತ್ತುಬಿಡ್ತಿದ್ದೆ.

ಆಸ್ಪತ್ರೆಯಿಂದ ಒಂದು ಮೆಷಿನ್ ಕೊಟ್ಟಿದಾರೆ. ಸಣ್ಣ ಟಾರ್ಚ್ ಥರ ಇದೆ. ಕತ್ತಿಗೆ ಒತ್ತಿ ಹಿಡಿದು ಬಾಯಾಡಿಸಿದ್ರೆ ಮಾತು ಬರುತ್ತೆ, ಡಬ್ಬದೊಳಗೆ ಜೀರುಂಡೆ ಕೂಗಿದಂಗೆ. ಮಾತು ಕಲಿಸೋಕೆ ಅಂತ ಒಬ್ಬಳು ಹುಡುಗಿ ಇದಾಳೆ. ಮೊದಲು ಸುಲಭದ ಪದ ತಗೊಳ್ಳಿ, ಅಮ್ಮ, ಮನೆ ಅಂತ ತಗೊಳ್ಳಿ ಅಂದಳು. ಅಪ್ಪ ಹಟ ಹಿಡಿದು ತಗೊಂಡಿದ್ದು 'ಎಕ್ಸ್‌ಪ್ರೆಸ್'. ಅದಕ್ಕಿಂತ ಕಷ್ಟದ್ದು ಸಿಗಲಿಲ್ವಾ ನಿಮಗೆ ಅಂತ ಆ ಹುಡುಗಿ ತಲೆ ಚಚ್ಚಿಕೊಂಡಳು. ಎರಡು ತಿಂಗಳು ಕನ್ನಡಿ ಮುಂದೆ ಕೂತ. ಅರ್ಧಕ್ಕರ್ಧ ಬಂದಿತ್ತು ಕಣೋ. ನಿನಗೆ ಫೋನ್ ಮಾಡೋಕೆ ದಿನ ಗೊತ್ತು ಮಾಡಿದ್ದ.

ಮೇಷ್ಟ್ರ ಆಲ್ಬಂ ಬಂದ ರಾತ್ರಿ ಪೂರ್ತಿ ಕೇಳಿದ್ವಿ. ನೀನು ಬೈದೆಯಲ್ಲ, ಜೋಮು ಹಿಡಿದ ಕಾಲಿನ ಹಾಡು, ಅದನ್ನ ಮತ್ತೆ ಹಾಕಿಸ್ಕೊಂಡ. ನೋಟ್‌ಬುಕ್ಕಲ್ಲಿ ಬರೆದ, 'ಮೇಷ್ಟ್ರು ಧೈರ್ಯ ಮಾಡಿದ್ರು. ಮೇಷ್ಟ್ರು ಧೈರ್ಯ ಮಾಡಿದ್ರು.' ಮಾರನೇ ದಿನ ಸಂಜೆ ಮೆಷಿನ್ ಕತ್ತಿಗೆ ಹಿಡ್ಕೊಂಡು ಕೂತಿದ್ದಾಗ ನಿನ್ನ ನೋಟು ಬಂತು. ನೀನು ಹೇಳಿದಂಗೆ ನಾನು ಜೋರಾಗಿ ಹಾಕಿದೆ. ನನ್ನ ಬುದ್ಧಿಗೆ ಬೆಂಕಿ ಬೀಳ. ನಿಲ್ಲಿಸೋಕೆ ಹೋದೆ, ಕೈ ಹಿಡಿದ. ಕೊನೇವರೆಗೆ ಕೇಳಿದ. 'ನಮ್ಮಪ್ಪನ್ನ ನೋಡಿ, ಮರ್ಯಾದೆ ಅಂದ್ರೆ ಅದು' ಅಂತ ನೀನು ಹೇಳುವಾಗ ಮೆಷಿನ್ ಇನ್ನೂ ಆನ್ ಇತ್ತು, ಅವನ ಕೈಯಲ್ಲಿ ಸುಮ್ಮನೆ ಗುಂಯ್ ಅಂತಿತ್ತು. ಆಫ್ ಮಾಡಿ ಬೀರುವಿನಲ್ಲಿಟ್ಟ. ಆವತ್ತಿಂದ ಮುಟ್ಟಿಲ್ಲ.

ಆಮೇಲಿನವನ್ನ ನಾನು ಹಾಕಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಅವನೇ ಫೋನ್ ತಗೊಂಡು ಎಲ್ಲ ಕೇಳಿದಾನೆ, ನಾಲ್ಕು ಸಾವಿರ ಜನದ್ದೂ ಕೇಳಿದಾನೆ. ಬಸ್ ಸ್ಟ್ಯಾಂಡಿನ ರೆಕಾರ್ಡಿಂಗ್ ಬೇಕು ಅಂದ್ಯಲ್ಲ, ಅದಕ್ಕೆ ಬರೆದ, 'ಕಳಿಸು. ಅವನಿಗೆ ಅದೇ ಸಾಕಂತೆ.' ಇದನ್ನ ಮಾತ್ರ ಒಂದೇ ಸಲ ಬರೆದ.

ನಾನು ರೆಕಾರ್ಡ್ ಮಾಡಿಲ್ಲ. ಮಾಡಲ್ಲ. ಮಾತು ಮುರಿದು ನಿನಗೆ ಹೇಳಿದೀನಿ, ಅದು ಅವನಿಗಿನ್ನೂ ಗೊತ್ತಿಲ್ಲ.

ಮತ್ತೆ ಆ ರಿಸೆಪ್ಷನ್ ನಾಟಕ ಬಿಡು. ನಿನ್ನ ಒಂದು ನೋಟಿನ ಹಿಂದೆ ರೋಲರ್ ಸದ್ದಿತ್ತು. ಆವತ್ತೇ ಅವನು ಬರೆದಿದ್ದ, 'ಇದು ರಿಸೆಪ್ಷನ್ ಅಲ್ಲ. ಇದು ರಿಸೆಪ್ಷನ್ ಅಲ್ಲ. ನೀನು ಕೇಳೋಕೆ ಹೋಗ್ಬೇಡ, ಅವನಿಗೆ ನಾಚಿಕೆ ಆಗುತ್ತೆ.'


ಮಾರ್ಚ್ 31, ಮಂಗಳವಾರ
ತಮ್ಮನ ವಾಯ್ಸ್ ನೋಟ್

ಅಕ್ಕ... ಆರು ಸಲ ಶುರು ಮಾಡಿ ಅಳಿಸಿದೆ.

ಕ್ಯಾನ್ಸರ್ ಅನ್ನೋ ಪದ ನೀನು ಬರೀಲೇ ಇಲ್ಲ. ನಾನೇ ಹೇಳ್ಬೇಕಾ ಅದನ್ನ? ಡಿಸೆಂಬರಲ್ಲಿ ಹೇಳಿದ್ರೆ ಬಂದುಬಿಡ್ತಿದ್ದೆ. ಆಗ ಬರಬಹುದಿತ್ತು. ಈಗ ನನ್ನ ವೀಸಾ ಪೇಪರು ನವೀಕರಣಕ್ಕೆ ಹೋಗಿದೆ, ಹೊರಟ್ರೆ ಮತ್ತೆ ಒಳಗೆ ಬಿಡಲ್ಲ. ಅದನ್ನ ನಾನೂ ನಿಮಗೆ ಹೇಳಿರ್ಲಿಲ್ಲ. ನೋಡು, ಎಂಥಾ ಮನೆ ನಮ್ಮದು, ಎಲ್ಲರೂ ಎಲ್ಲರಿಗೂ ಒಳ್ಳೇದು ಮಾಡೋಕೆ ಹೊರಟು...

ಆ ಬಸ್ ಸ್ಟ್ಯಾಂಡ್ ದನಿ ದಿನಕ್ಕೆ ಐವತ್ತು ಸಲ 'ಎಕ್ಸ್‌ಪ್ರೆಸ್' ಅನ್ನುತ್ತೆ. ಒಂದೂ ನನಗಲ್ಲ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?

ನಾಳೆ ಫೋನ್ ಮಾಡ್ತೀನಿ. ಅಪ್ಪನ ಕೈಗೇ ಕೊಡು.


ಏಪ್ರಿಲ್ 2, ಗುರುವಾರ
ಅಕ್ಕ ಟೈಪ್ ಮಾಡಿದ್ದು

ನಿನ್ನೆ ನೀನು ಮೂರು ಸಲ ಫೋನ್ ಮಾಡಿದೆ. ಮೊದಲೆರಡು ಸಲ ಅಪ್ಪ ನಿನ್ನ ಹೆಸರು ನೋಡಿ ಫೋನನ್ನ ಬೋರಲು ಹಾಕಿದ. ನಿನಗೆ ಗೊತ್ತಾಗಿದೆ ಅಂತ ಅವನಿಗೆ ಆಗಲೇ ಅರ್ಥ ಆಯ್ತು. ಮೂರನೇ ಸಲ ಎತ್ತಿ ಕಿವಿಗಿಟ್ಕೊಂಡ. ನೀನು 'ಅಪ್ಪಾ, ಅಪ್ಪಾ' ಅಂತ ಅಳ್ತಿದ್ದೆ. ಸ್ವಲ್ಪ ಹೊತ್ತು ಕೇಳಿ ಕಟ್ ಮಾಡಿದ. ನನ್ನ ಮೇಲೆ ಸಿಟ್ಟಾಗಿದಾನೆ, ಇವತ್ತು ನನ್ನ ಜೊತೆ ಊಟಕ್ಕೂ ಕೂರಲಿಲ್ಲ.

ಮಾತು ಕಲಿಸೋ ಹುಡುಗಿ ಫೋನ್ ಮಾಡಿದ್ದಳು. ಮೆಷಿನ್ ಉಪಯೋಗ ಮಾಡದಿದ್ರೆ ಸೋಮವಾರ ವಾಪಸ್ ಕೊಡಿ, ಇನ್ನೊಬ್ಬರು ಕಾಯ್ತಿದಾರೆ ಅಂದಳು. ಪಾಪ, ಅವಳ ತಪ್ಪೇನಿಲ್ಲ. ಅಪ್ಪ ಅದನ್ನ ಡಬ್ಬಕ್ಕೆ ಹಾಕಿ, ಟೇಪ್ ಅಂಟಿಸಿ, ಚಪ್ಪಲಿ ಬಿಡೋ ಜಾಗದಲ್ಲಿ ಇಟ್ಟಿದಾನೆ. ಅವನಿಗೆ ಅದು ಮತ್ತೆ ಸಿಗಲ್ಲ ಅಂತಲ್ಲ. ಒಂದು ಸಲ ಕೈಬಿಟ್ಟದ್ದನ್ನ ಅವನು ಮತ್ತೆ ಕೇಳೋ ಮನುಷ್ಯ ಅಲ್ಲ. ನಿನಗೇ ಗೊತ್ತು.

ನೀನು ಹೇಳೋದಿದ್ರೆ ಭಾನುವಾರದೊಳಗೆ ಹೇಳು. ನಿನ್ನ ನೋಟು ಬಂದ್ರೆ ಅವನು ಕೇಳೇ ಕೇಳ್ತಾನೆ, ಅದೊಂದೇ ಬಾಗಿಲು ಉಳಿದಿರೋದು. ಆದ್ರೆ ಬೆಣ್ಣೆ ಹಚ್ಚೋಕೆ ಹೋಗ್ಬೇಡ. ದನಿಯಲ್ಲಿ ಸುಳ್ಳಿದ್ರೆ ಅವನು ಮೊದಲ ಪದಕ್ಕೇ ಹಿಡೀತಾನೆ.


ಏಪ್ರಿಲ್ 4, ಶನಿವಾರ
ತಮ್ಮನ ವಾಯ್ಸ್ ನೋಟ್

ಅಪ್ಪ. ನಾನು. ಅಕ್ಕನ ಫೋನಲ್ಲಿ ಕೇಳ್ತಿದೀಯ ಅಂತ ಗೊತ್ತು.

ಹಿಂದೆ ಸದ್ದು ಬರ್ತಿದೆಯಲ್ಲ, ಅದೇ ರೋಲರು. ನೆಲಮಾಳಿಗೇಲಿ ನಿಂತೇ ಮಾತಾಡ್ತಿದೀನಿ. ಆಗಸ್ಟಿಂದ ಇಲ್ಲೇ ಇದ್ದೀನಿ. ಟೈ ವಾಪಸ್ ತಗೊಂಡ್ರು.

ಆಲ್ಬಂ ವಿಷಯ. ನಾನು ಒಂಬತ್ತು ಹಾಡು ಕೇಳಿದೆ ಅಂದಿದ್ದು ಸುಳ್ಳು. ನಾಲ್ಕೇ ಕೇಳಿದ್ದು. ನಾಲ್ಕನೇದರ ಮಧ್ಯ ಆಫ್ ಮಾಡಿ ನಿಮಗೆ ನೋಟು ಕಳಿಸಿದೆ. ನಾಲ್ಕು ಸಾವಿರ ಜನಾನೂ ಆ ನಾಲ್ಕು ಹಾಡಿನ ತೀರ್ಪೇ ಕೇಳಿದ್ದು. ಮೊನ್ನೆ ಗ್ರೂಪಲ್ಲಿ ಹೇಳಿದೆ, ನಾನು ಪೂರ್ತಿ ಕೇಳಿರ್ಲಿಲ್ಲ, ನನ್ನ ಮಾತು ವಾಪಸ್ ತಗೊಳ್ತೀನಿ ಅಂತ. ಹೊಸ ದನಿಯವರು ಬೈದ್ರು, ಹಳೇ ದನಿಯವರು ಇನ್ನೂ ಜಾಸ್ತಿ ಬೈದ್ರು. ನೋಟು ಮಾತ್ರ ಓಡಾಡ್ತಾನೇ ಇದೆ. ಅಳಿಸೋಕೆ ಆಗಲ್ಲ.

ಯಾಕೆ ಆಫ್ ಮಾಡಿದೆ ಅಂದ್ರೆ... ಹಳೇ ಕ್ಯಾಸೆಟ್ ಹಾಡು ಹಾಕಿದ್ರೆ ಇಲ್ಲಿ ಕೂತೇ ನನಗೆ ಮನೆ ಕಾಣ್ತಿತ್ತು. ನೀನು ಪೇಪರ್ ಮಡಚಿ ಮೊಣಕಾಲ ಮೇಲಿಟ್ಕೊಂಡು ಕೂತಿರೋದು, ಅಕ್ಕ ಧುಮುಗುಟ್ಟಿ ಎದ್ದು ಹೋಗೋದು, ಎಲ್ಲ ಇದ್ದಲ್ಲೇ ಇದೆ, ನಾನು ಹೋದ ತಕ್ಷಣ ಮತ್ತೆ ಶುರುವಾಗುತ್ತೆ ಅಂತ. ಹೊಸದು ಹಾಕಿದ ತಕ್ಷಣ ಗೊತ್ತಾಯ್ತು, ಯಾವುದೂ ನನಗೋಸ್ಕರ ನಿಂತಿಲ್ಲ ಅಂತ. ಆ ಸಂಕಟಾನ ಮೇಷ್ಟ್ರ ತಲೆ ಮೇಲೆ ಹಾಕಿದೆ. ನಿನ್ನ ತಲೆ ಮೇಲೆ ಬಿತ್ತು.

ನಿನ್ನೆ ಉಳಿದ ಐದು ಕೇಳಿದೆ. ಇಲ್ಲೇ, ಒಂದು ಕಿವಿಯ ಹತ್ತಿ ತೆಗೆದು. ಸುಳ್ಳು ಹೇಳಲ್ಲ ಅಪ್ಪ, ಎರಡು ಇಷ್ಟ ಆಗಲಿಲ್ಲ. ಒಂದರಲ್ಲಂತೂ ಪದಾನೇ ಅರ್ಥ ಆಗಲ್ಲ. ಏಳನೇದು ಕೇಳಿ ಬೆಡ್‌ಶೀಟ್ ಹಿಡ್ಕೊಂಡು ನಿಂತುಬಿಟ್ಟೆ. ಆಚೆ ತುದಿ ಹಿಡಿದಿದ್ದವನು ಎಳೆದ, ಎಳೆದ, ಕೊನೆಗೆ ಬಂದು ಭುಜ ಅಲ್ಲಾಡಿಸಿದ.

ನೀನು ಮೆಷಿನ್ ಹಿಡ್ಕೊಂಡು ಮಾತಾಡಿದ್ರೆ ಚೆನ್ನಾಗಿರುತ್ತೆ ಅಂತ ನಾನು ಹೇಳಲ್ಲ. ಚೆನ್ನಾಗಿರಲ್ಲ. ನನಗೆ ಹೆದರಿಕೆ ಆಗ್ತಿದೆ. ಮೊದಲ ಸಲ ಕೇಳಿದಾಗ ನಾನು ಬಾಯಿ ಕಟ್ಟಿದವನ ಥರ ಸುಮ್ಮನಾಗಬಹುದು. ಆಗ ನೀನು ಇವನಿಗೆ ಅಸಹ್ಯ ಆಯ್ತು ಅಂದ್ಕೊಂಡು ಇಟ್ಟುಬಿಡ್ಬೇಡ. ನಾನು ಅಲ್ಲೇ ಇರ್ತೀನಿ. ನಾನು ಸುಮ್ಮನಿದ್ರೆ ನೀನು ಕಾಯಿ. ನೀನು ಸುಮ್ಮನಿದ್ರೆ ನಾನು ಕಾಯ್ತೀನಿ. ಡಬ್ಬ ಬಿಚ್ಚೋದು ಬಿಡೋದು ನಿನಗೆ ಬಿಟ್ಟಿದ್ದು. ಬಿಚ್ಚದಿದ್ರೂ ಫೋನ್ ಎತ್ತು, ಕತ್ತಿನ ಹತ್ರ ಹಿಡಿ. ಉಸಿರು ಅಲ್ಲಿಂದ ಬರುತ್ತೆ ಅಂತ ಅಕ್ಕ ಬರೆದಿದಾಳೆ.

ನಾಳೆ ಭಾನುವಾರಾನೂ ನನಗೆ ಶಿಫ್ಟಿದೆ. ನನ್ನ ಬ್ರೇಕ್ ಇಪ್ಪತ್ತೇ ನಿಮಿಷ. ಹಿಂದಿನ ಬಾಗಿಲ ಆಚೆ ಹೋದ್ರೆ ಸದ್ದಿರಲ್ಲ, ಅಲ್ಲಿಂದ ಮಾಡ್ತೀನಿ. ಒಂದು ಪದಕ್ಕೆ ನಿನಗೆ ಐದು ನಿಮಿಷ ಬೇಕಾದ್ರೂ ನಾಲ್ಕು ಪದ ಆಗುತ್ತೆ. ಒಂದೇ ಆದ್ರೂ ಆಯ್ತು.

ಸೂಪರ್‌ವೈಸರ್ ಬರ್ತಿದಾನೆ, ಇಡ್ತೀನಿ. ನಾಳೆ, ನಿನ್ನ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.